ಕಾಲು ತುಳಿದವನು ಕೈ ಕೊಡಲಿಲ್ಲ

"ಅಯ್ಯೋ, ನನ್ನ ಕಾಲು!"

ಸರಂಗೆರೆಲ್ ಕೂಗಿದ ರಭಸಕ್ಕೆ ರೈಲಿನ ಕಿಟಕಿಗಳಲ್ಲಿದ್ದ ಮುಖಗಳೆಲ್ಲ ಒಮ್ಮೆಗೇ ಇತ್ತ ತಿರುಗಿದವು.

ಅವಳ ಕೊರಳಿಂದ ಇಳಿಬಿದ್ದ ಪೆಟ್ಟಿಗೆಯಲ್ಲಿ ಆಗಷ್ಟೇ ಕರಿದು ತಂದ ಖೂಷೂರ್ ಇತ್ತು, ಕುರಿಮಾಂಸ ತುಂಬಿದ ಬಿಸಿಬಿಸಿ ಕರಿಗಡುಬು. ಅದು ಬೀಳದಂತೆ ಎರಡೂ ಕೈಯಲ್ಲಿ ಅವುಚಿಕೊಂಡು ಅವಳು ಒಂಟಿಕಾಲಲ್ಲಿ ನಿಂತಳು. ಇನ್ನೊಂದು ಕಾಲಿನ ಬೆರಳುಗಳು ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅಷ್ಟು ಭಾರದ ಬೂಟು.

ಬೂಟಿನ ಒಡೆಯ ಎದುರಿಗೇ ನಿಂತಿದ್ದ. ತೆಮೂಲೆನ್. ಗಡಿಯ ಆ ಪುಟ್ಟ ಶಾರ್‌ಹುದಗ್ ಸ್ಟೇಷನ್ನಿನಲ್ಲಿ ಗಾಲಿ ತಟ್ಟುವ ಕೆಲಸದವನು. ರೈಲು ಬಂದು ನಿಂತೊಡನೆ ಉದ್ದನೆಯ ಹಿಡಿಯ ಸುತ್ತಿಗೆ ಹಿಡಿದು, ಒಂದೊಂದು ಗಾಲಿಯನ್ನೂ ಟಣ್ ಎಂದು ತಟ್ಟಿ, ಸದ್ದು ಸರಿಯಿದೆಯೇ, ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಕೇಳಿಸಿಕೊಳ್ಳುತ್ತ ಹೋಗುವುದು ಅವನ ಕಸುಬು. ಇವತ್ತು ಹಿಂದೆ ಹಿಂದೆ ಸರಿಯುತ್ತ ಬಂದವನು ಅವಳ ಕಾಲನ್ನೇ ತುಳಿದಿದ್ದ.

ತುಳಿದದ್ದು ತಪ್ಪಲ್ಲ ಬಿಡಿ. ಜನಜಂಗುಳಿಯಲ್ಲಿ ಯಾರ ಕಾಲು ಯಾರಿಗೆ ತಗಲುವುದಿಲ್ಲ?

ಆದರೆ ತುಳಿದವನು ತಕ್ಷಣ ಕೈ ಕೊಡಬೇಕು. ಮಂಗೋಲರ ಮನೆಯಲ್ಲಿ ಅಂಬೆಗಾಲಿಡುವ ಮಗುವಿಗೂ ಇದು ಗೊತ್ತು. ಬಾಯಲ್ಲಿ ಕ್ಷಮಿಸಿ ಎಂದರೆ ಸಾಲದು, ಕೈ ಹಿಡಿಯಬೇಕು. ಹಿಡಿಯದಿದ್ದರೆ ಅಂದಿನಿಂದ ಅವರಿಬ್ಬರೂ ವೈರಿಗಳು ಅಂತಲೇ ಅರ್ಥ.

ಸರಂಗೆರೆಲ್ ಪೆಟ್ಟಿಗೆಯನ್ನು ಎಡಗೈಗೆ ಸಾಗಿಸಿ, ಕೈಗವಸು ಕಳಚಿ, ಬಲಗೈಯನ್ನು ಅರ್ಧ ಮುಂದಕ್ಕೂ ತಂದಿದ್ದಳು.

ತೆಮೂಲೆನ್ ಆ ಕೈಯನ್ನು ನೋಡಿದ. ಅವಳ ಮುಖ ನೋಡಿದ. ಆಮೇಲೆ ತನ್ನ ಎರಡೂ ಕೈಗಳನ್ನು, ಸುತ್ತಿಗೆಯ ಸಮೇತ, ಬೆನ್ನ ಹಿಂದಕ್ಕೆ ಒಯ್ದ.

"ನೋವಾಯ್ತಾ?" ಎಂದ ಮೆಲ್ಲಗೆ.

ಅವಳು ಚಾಚಿದ ಕೈ ಗಾಳಿಯಲ್ಲಿ ಹಾಗೇ ನಿಂತಿತ್ತು. ಅವನು ತಲೆ ತಗ್ಗಿಸಿಕೊಂಡು ಮುಂದಿನ ಗಾಲಿಯ ಕಡೆ ನಡೆದೇಬಿಟ್ಟ.

ಟಣ್... ಟಣ್...

"ನೋಡಿದ್ಯಾ ದುಲ್ಮಾ ಅಕ್ಕ?" ಸರಂಗೆರೆಲ್ ಉಸಿರು ಸಿಕ್ಕ ಮೇಲೆ ಪಕ್ಕದವಳನ್ನು ಕೇಳಿದಳು. "ಕೈ ಹಿಂದಕ್ಕೆ ಕಟ್ಕೊಂಡ. ನನ್ನ ಕೈ ನೋಡಿ ಹಿಂದಕ್ಕೆ ಕಟ್ಕೊಂಡ."

ದುಲ್ಮಾ ಅಕ್ಕ ಉಪ್ಪು ಹಾಕಿದ ಹಾಲಿನ ಚಹಾ ಮಾರುವವಳು. ಪ್ಲಾಟ್‌ಫಾರಂನಲ್ಲಿ ಎಲ್ಲರಿಗಿಂತ ಹಳಬಳು.

"ನೋಡ್ದೆ ಕಣೆ. ಎಲ್ಲರೂ ನೋಡಿದ್ರು. ಮೊದಲು ಗವಸು ಹಾಕ್ಕೋ, ಬೆರಳು ಸೆಟೆದು ಹೋಗುತ್ತೆ."

"ಏನು ಕೊಬ್ಬು ಇರಬೇಕು ಅವನಿಗೆ!"

ಕೊಬ್ಬು ಎಂದಳು, ನಿಜ. ಆದರೆ ಅವಳನ್ನು ಚುಚ್ಚಿದ್ದು ಬೇರೆಯೇ.

ಕಳೆದ ಬೇಸಿಗೆಯಿಡೀ ಇವನು ಅವಳ ಗಿರಾಕಿಯಾಗಿದ್ದ. ರೈಲು ಹೊರಟ ಮೇಲೆ ಸುತ್ತಿಗೆಯನ್ನು ಗೋಡೆಗೆ ಒರಗಿಸಿ ಬಂದು, "ಬಿಸಿ ಇದೆಯಾ?" ಎಂದು ಕೇಳುತ್ತಿದ್ದ. ಅಷ್ಟೇ ಮಾತು. ಬಿಸಿಯಾಗಿದ್ದರೂ ಕೇಳುತ್ತಿದ್ದ, ಆರಿ ಹೋಗಿದ್ದರೂ ತಿನ್ನುತ್ತಿದ್ದ. ಅವನಿಗಾಗಿ ಎರಡನ್ನು ಪೆಟ್ಟಿಗೆಯೊಳಗಿನ ಕಂಬಳಿಯ ತಳದಲ್ಲಿ ಬಚ್ಚಿಡುವ ಅಭ್ಯಾಸ ಅವಳಿಗೆ ಯಾವಾಗ ಬಂತೋ! ಒಮ್ಮೆ ತುಟಿಯಂಚಿನ ಎಣ್ಣೆ ಒರೆಸಿಕೊಳ್ಳುತ್ತ, "ನಿಮ್ಮ ಕೈ ರುಚಿ ಬೇರೆ ಕಣ್ರೀ" ಅಂದಿದ್ದ. ಅವತ್ತು ಮನೆಗೆ ಹೋಗಿ ಹಿಟ್ಟು ನಾದುವಾಗ ಅವಳು ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದಳು.

ನಡು ಚಳಿಗಾಲದಲ್ಲಿ ಕೆಲವು ದಿನ ಕಾಣೆಯಾದ. ಮರಳಿ ಬಂದವನು ಬೇರೆ ಮನುಷ್ಯನಾಗಿದ್ದ. ಅವಳ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಎದುರಾದರೆ ದಾರಿ ತಪ್ಪಿಸಿಕೊಂಡು ಹೋಗುತ್ತಿದ್ದ. ಯಾರೋ ಸಿಕ್ಕಿರಬೇಕು... ನನ್ನಂಥ ಕರಿಗಡುಬು ಮಾರುವವಳ ಹಂಗು ಯಾಕೆ ಬೇಕು, ಎಂದುಕೊಂಡು ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು.

ಈಗ ಎಲ್ಲರೆದುರು ಹೀಗೆ. ಹಾಗಾದರೆ ಅವನೇ ವೈರ ಕಟ್ಟಿಕೊಂಡಂತಾಯಿತು. ಆಗಲಿ... ಅವಳಿಗೂ ಬರುತ್ತದೆ.

*

ಉರಿಯುವ ಬೆಂಕಿಗೆ ತುಪ್ಪ ಸುರಿದವನು ಸ್ಟೇಷನ್ ಮಾಸ್ಟರ್ ಬಾಸಂಜಾವ್.

ಮರುದಿನ ಬೆಳಿಗ್ಗೆ ಅವನು ನರಿಚರ್ಮದ ಟೋಪಿ ಸರಿಮಾಡಿಕೊಳ್ಳುತ್ತ ಬಂದು ಹೆಂಗಸರ ಮುಂದೆ ನಿಂತ.

"ಇವತ್ತಿಂದ ಪ್ಲಾಟ್‌ಫಾರಂ ಮೇಲೆ ಯಾರೂ ಮಾರೋ ಹಾಗಿಲ್ಲ. ಬೇಲಿ ಆಚೆ ನಿಂತ್ಕೊಳ್ಳಿ."

"ಯಾಕೆ ಸಾಹೇಬ್ರೆ? ನಮ್ಮಮ್ಮನ ಕಾಲದಿಂದ ಇಲ್ಲೇ ಮಾರ್ತಿದ್ದೀವಲ್ಲ" ಎಂದಳು ಸರಂಗೆರೆಲ್.

"ದೂರು ಬಂದಿದೆ. ನಿಮ್ಮ ಪೆಟ್ಟಿಗೆ, ಫ್ಲಾಸ್ಕು, ನಿಮ್ಮ ಕಾಲು, ಎಲ್ಲ ಗಾಲಿ ನೋಡೋರಿಗೆ ಅಡ್ಡ ಬರುತ್ತಂತೆ. ನಿನ್ನೆ ಒಬ್ಬ ಎಡವಿ ಬೀಳ್ತಿದ್ದನಂತೆ. ಏನಾದ್ರೂ ಆದ್ರೆ ಯಾರು ಹೊಣೆ?"

"ದೂರು ಕೊಟ್ಟೋರು ಯಾರು?"

"ಗಾಲಿ ತಟ್ಟೋನೇ ಕೊಟ್ಟಿದ್ದಾನೆ. ಇನ್ಯಾರು ಕೊಡ್ತಾರೆ?" ಎಂದು ಬಾಸಂಜಾವ್ ಬೆನ್ನು ತಿರುಗಿಸಿದ.

ಬೇಲಿಯಾಚೆ ಎಂದರೆ ಏನು ಗೊತ್ತೇ? ಗಡಿ ದಾಟುವ ರೈಲು ಅದು. ಪಾಸ್‌ಪೋರ್ಟ್‌ಗಳನ್ನೆಲ್ಲ ಪೊಲೀಸರು ತೆಗೆದುಕೊಂಡು ಹೋದ ಮೇಲೆ ಪ್ರಯಾಣಿಕರು ಪ್ಲಾಟ್‌ಫಾರಂಗೆ ಇಳಿದು ಕೈಕಾಲು ಆಡಿಸಬಹುದು, ಬೇಲಿ ದಾಟುವಂತಿಲ್ಲ. ಊರಿನವರು ಯಾರೂ ಕಾಸು ಕೊಟ್ಟು ಖೂಷೂರ್ ತಿನ್ನುವವರಲ್ಲ, ಅವರವರ ಮನೆಯಲ್ಲೇ ಬಾಣಲೆ ಇದೆ. ಬೇಲಿಯಾಚೆ ನಿಲ್ಲಿ ಎಂದರೆ ಮನೆಗೆ ಹೋಗಿ ಎಂದೇ ಅರ್ಥ. ಸರಂಗೆರೆಲ್‌ಳ ಅಮ್ಮ ಮಂಡಿ ನೋವಿಗೆ ಸಿಕ್ಕಿ ಮನೆ ಹಿಡಿದು ಎಷ್ಟೋ ಕಾಲವಾಗಿತ್ತು. ಇಬ್ಬರ ಹೊಟ್ಟೆಯೂ ಪ್ಲಾಟ್‌ಫಾರಂನ ಆ ಒಂದು ಕಂಬದ ಬುಡದಲ್ಲಿ ಇತ್ತು. ಅಮ್ಮ ನಿಂತು ನಿಂತು ಸವೆಸಿದ ಜಾಗ ಅದು.

ಅಲ್ಲ, ಕೈ ಕೊಡದೆ ಅವಮಾನ ಮಾಡಿದ್ದು ಸಾಲದು ಅಂತ ಹೊಟ್ಟೆಯ ಮೇಲೂ ಹೊಡೆಯೋದೆ? ಅವಳ ಕಿವಿಯೆಲ್ಲ ಕಾದು ಹೋಯಿತು.

"ಎಲ್ಲಿಗೆ ಹೊರಟೆ? ಸರಾ, ನಿಲ್ಲೇ" ಎಂದು ದುಲ್ಮಾ ಅಕ್ಕ ಕೂಗುತ್ತಲೇ ಇದ್ದಳು.

ತೆಮೂಲೆನ್ ನೀರಿನ ತೊಟ್ಟಿಯ ಹತ್ತಿರ ಸುತ್ತಿಗೆಗೆ ಹತ್ತಿದ ಮಂಜುಗಡ್ಡೆ ಕೆರೆಯುತ್ತಿದ್ದ. ಅವಳು ಹೋದದ್ದೇ ಎದುರಿಗೆ ನಿಂತಳು.

"ಏನ್ರೀ, ನಾನು ನಿಮಗೆ ಏನು ಅನ್ಯಾಯ ಮಾಡಿದ್ದೆ?"

ಅವನು ಬೆಚ್ಚಿ ತಲೆಯೆತ್ತಿದ. "ಯಾಕೆ, ಏನಾಯ್ತು?"

"ಏನೂ ಗೊತ್ತಿಲ್ಲದ ಹಾಗೆ ಕೇಳ್ತಿದ್ದೀರಲ್ಲ. ನಾವು ನಿಮ್ಮ ದಾರಿಗೆ ಅಡ್ಡ ಅಂತ ದೂರು ಕೊಟ್ರಂತೆ. ಅಡ್ಡ ನಿಂತೋಳು ನಾನೊಬ್ಬಳು. ನನ್ನ ಮೇಲೆ ಸಿಟ್ಟಿದ್ರೆ ನನ್ನ ಹತ್ರ ತೀರಿಸ್ಕೋಬೇಕಿತ್ತು. ದುಲ್ಮಾ ಅಕ್ಕ ಏನು ಮಾಡಿದ್ಲು? ಉಳಿದೋರು ಏನು ಮಾಡಿದ್ರು?"

"ನಾನು ಯಾರಿಗೂ ಏನೂ ಹೇಳಿಲ್ಲ."

"ಹೇಳಿಲ್ವಾ?"

"ಹೇಳಿಲ್ಲ."

ಅವಳು ಸರ್ರನೆ ಗವಸು ಕಿತ್ತು ಬಲಗೈ ಚಾಚಿದಳು. ಅಷ್ಟರಲ್ಲಿ ಹೆಂಗಸರೆಲ್ಲ ಬಂದು ಸುತ್ತ ನಿಂತಿದ್ದರು.

"ಹಾಗಾದ್ರೆ ಕೈ ಕೊಡು."

ನೀವು ಹೋಗಿ ನೀನು ಆದದ್ದು ಅವಳಿಗೇ ತಿಳಿಯಲಿಲ್ಲ.

"ನಿನ್ನೆ ನನ್ನ ಕಾಲು ತುಳಿದೆಯಲ್ಲ, ಅದಕ್ಕೆ ಈಗ ಕೊಡು. ಮನಸ್ಸಲ್ಲಿ ಏನೂ ಇಲ್ಲದಿದ್ರೆ ಇವರೆಲ್ಲರ ಎದುರು ಕೊಡು. ನಂಬ್ತೀನಿ."

ಗಾಳಿ ಸುಂಯ್ಯೆಂದು ಬೀಸುತ್ತಿತ್ತು. ತೆಮೂಲೆನ್‌ನ ಬಲಗೈ ಒಂದು ಗೇಣು ಮೇಲಕ್ಕೆ ಬಂತು. ಅವಳ ಎದೆ ಹಾರಿತು... ಕೊಡ್ತಾನೆ. ಕೊಟ್ಟೇ ಕೊಡ್ತಾನೆ.

ಕೈ ಹಾಗೇ ಕೆಳಗಿಳಿಯಿತು.

"ಈಗ ಆಗಲ್ಲ" ಎಂದ.

"ಯಾಕೆ?"

ನೆಲ ನೋಡುತ್ತ ನಿಂತ.

ಸರಂಗೆರೆಲ್‌ಳ ಕಣ್ಣಲ್ಲಿ ನೀರು ತುಂಬಿತು. ದುಃಖಕ್ಕಲ್ಲ, ಖಂಡಿತ ಅಲ್ಲ. ಸಿಟ್ಟಿಗೆ. ಆ ಚಳಿಯಲ್ಲಿ ನೀರು ರೆಪ್ಪೆಯ ಮೇಲೇ ಹೆಪ್ಪುಗಟ್ಟಿತು.

"ಕೇಳಿಸ್ಕೋ ಹಾಗಾದ್ರೆ. ಇನ್ನು ಈ ಜನ್ಮದಲ್ಲಿ ನಿನಗೆ ನನ್ನ ಕೈ ಸಿಗಲ್ಲ. ನೀನು ಕಾಲಿಗೆ ಬಿದ್ದರೂ ಸಿಗಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಆ ಮಾತನ್ನು ತಲೆ ತಗ್ಗಿಸಿಯೇ ಕೇಳಿದ, ಹೌದು ಎನ್ನುವಂತೆ ಕತ್ತು ಆಡಿಸಿ ಸುತ್ತಿಗೆ ಎತ್ತಿಕೊಂಡ. ಅವಳಿಗೆ ಇನ್ನಷ್ಟು ಉರಿದುಹೋಯಿತು. ಜಗಳವಾಡುವವನಾದರೂ ಆಗಿದ್ದರೆ!

*

ಬೇಲಿಯಾಚೆ ಮಾರಾಟ ಎಷ್ಟಾಯಿತು ಎಂದು ಕೇಳಲೇಬೇಡಿ.

ರೈಲು ಬರುತ್ತಿತ್ತು. ಪ್ರಯಾಣಿಕರು ಇಳಿಯುತ್ತಿದ್ದರು. ಮೂಗಿಗೆ ವಾಸನೆ ಬಡಿದು ಬೇಲಿಯ ಕಡೆ ಎರಡು ಹೆಜ್ಜೆ ಬರುತ್ತಿದ್ದರು. ಅಷ್ಟರಲ್ಲಿ ಕಾವಲಿನವನು ಸೀಟಿ ಊದುತ್ತಿದ್ದ. ಗೋಬಿ ಮರುಭೂಮಿಯ ಗಾಳಿಗೆ ಖೂಷೂರ್ ನಿಮಿಷದಲ್ಲಿ ಹಲಗೆಯಾಗುತ್ತಿತ್ತು. ಸಂಜೆ ಅದನ್ನೇ ಹೊತ್ತು ಹೋಗಿ ಅಮ್ಮ, ಮಗಳು ಬಿಸಿಮಾಡಿಕೊಂಡು ತಿನ್ನುತ್ತಿದ್ದರು. ಅಮ್ಮ ಏನೂ ಕೇಳುತ್ತಿರಲಿಲ್ಲ. ಅದು ಇನ್ನೂ ಸಂಕಟ.

ಇತ್ತ ಪ್ಲಾಟ್‌ಫಾರಂ ಮೇಲೆ ಹೊಸದೊಂದು ಗಾಜಿನ ಗೂಡಂಗಡಿ ಎದ್ದಿತು. ಒಳಗೆ ಬಿಸ್ಕತ್ತು, ಬಿಸಿನೀರು ಹೊಯ್ದರೆ ಬೇಯುವ ನೂಡಲ್ಸು. ಗಲ್ಲಾದಲ್ಲಿ ಕುಳಿತವನು ಬಾಸಂಜಾವ್‌ನ ಹೆಂಡತಿಯ ತಮ್ಮ.

"ನಮ್ಮ ಪೆಟ್ಟಿಗೆ ಅಡ್ಡ ಬರುತ್ತೆ, ಅವನ ಇಡೀ ಅಂಗಡಿ ಅಡ್ಡ ಬರಲ್ಲ" ಎಂದಳು ದುಲ್ಮಾ ಅಕ್ಕ.

"ಆ ಗಾಲಿ ತಟ್ಟೋನಿಗೂ ಇದ್ರಲ್ಲಿ ಪಾಲು ಇರುತ್ತೆ ಬಿಡು" ಎಂದಳು ಸರಂಗೆರೆಲ್.

"ನಾಲಿಗೆಗೆ ಎಲುಬಿಲ್ಲ ಅಂತ ಹೇಗೆ ಬೇಕಾದ್ರೂ ಹೊರಳಿಸಬಾರದು ಸರಾ. ಹಬ್ಬ ಹತ್ರ ಬಂತು. ಹಳೇ ವರ್ಷದ ಜಗಳ ಹೊಸ ವರ್ಷಕ್ಕೆ ಒಯ್ಯಬಾರದು ಅಂತಾರೆ. ಮನಸ್ಸಿಂದ ತೆಗೆದು ಹಾಕು."

"ಅವನೇ ಬಂದು ತೆಗೆದು ಹಾಕ್ಲಿ."

ಹಾಗೆ ಅಂದಳಲ್ಲ, ಅವಳ ಕಣ್ಣು ಮಾತ್ರ ಬೇಲಿಯ ಸಂದಿನಲ್ಲಿ ಅವನನ್ನೇ ಹುಡುಕುತ್ತಿತ್ತು. ಟಣ್, ಟಣ್ ಸದ್ದು ಬೇಲಿಯ ಹತ್ತಿರ ಬಂದಾಗ ಒಂದು ಕ್ಷಣ ನಿಲ್ಲುತ್ತಿತ್ತು. ಮತ್ತೆ ಮುಂದೆ ಹೋಗುತ್ತಿತ್ತು. ಬಡವಾಗಿದ್ದಾನೆ ಅನ್ನಿಸುತ್ತಿತ್ತು ಅವಳಿಗೆ. ಕೆನ್ನೆ ಒಳಗೆ ಹೋಗಿದೆ, ಊಟ ಸರಿಯಾಗಿ ಮಾಡುತ್ತಿಲ್ಲ... ತನಗೇನು? ಹಾಳಾಗಿ ಹೋಗಲಿ.

ಬಿಳಿ ತಿಂಗಳ ಹಬ್ಬದ ಹಿಂದಿನ ದಿನ ಬಿತೂನ್. ಹಳೆಯ ವರ್ಷದ ಕೊನೆಯ ದಿನ, ಹೊಟ್ಟೆ ಬಿರಿಯ ಉಣ್ಣುವ ದಿನ. ಅದಕ್ಕಾಗಿ ದುಲ್ಮಾ ಅಕ್ಕ ಬೆಳಿಗ್ಗೆಯೇ ಸರಂಗೆರೆಲ್‌ಳ ಮನೆಗೆ ಬೂಜ್ ಹಿಡಿಯಲು ಬಂದಳು. ಹಬೆಯಲ್ಲಿ ಬೇಯಿಸುವ ಮಾಂಸದ ಕಡುಬು ಅದು, ನೂರಾರು ಮಾಡಬೇಕು, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ.

ಯಾವತ್ತೂ ಬಾಯಿ ಮುಚ್ಚದ ದುಲ್ಮಾ ಅಕ್ಕ ಅಂದು ಮಾತಿಲ್ಲದೆ ಹಿಟ್ಟು ಲಟ್ಟಿಸಿದಳು.

"ಏನಕ್ಕ, ಮೈ ಸರಿಯಿಲ್ವಾ?"

"ಮೈಗೇನು, ಚೆನ್ನಾಗಿದೆ. ನಿನ್ನೆ ಗುಡಿಗೆ ಹೋಗಿದ್ದೆ, ದೀಪ ಹಚ್ಚೋಕೆ. ಅಲ್ಲಿ ಅವನು ಇದ್ದ. ನಿನ್ನ ಗಾಲಿ ತಟ್ಟೋನು."

"ನನ್ನ ಅಂತ ಯಾಕೆ ಸೇರಿಸ್ತೀಯಾ?"

"ಬಾಯಿ ಮುಚ್ಕೊಂಡು ಕೇಳು. ಒಬ್ಬನೇ ಒಂದು ದೀಪ ಹಚ್ಚಿ ಅದರ ಮುಂದೆ ಕೂತಿದ್ದ. ಯಾರಿಗಪ್ಪ ಅಂತ ಲಾಮಾ ಅಜ್ಜನ್ನ ಕೇಳ್ದೆ." ದುಲ್ಮಾ ಅಕ್ಕ ಲಟ್ಟಣಿಗೆ ಕೆಳಗಿಟ್ಟಳು. "ಅವರಮ್ಮ ದೇವರ ಪಾದ ಸೇರಿದ್ರಂತೆ ಕಣೆ. ನಡು ಚಳಿಗಾಲದಲ್ಲಿ. ದೂರ ಹುಲ್ಲುಗಾಡಲ್ಲಿ, ಇವನ ತಮ್ಮನ ಗುಡಾರದಲ್ಲಿ ಇದ್ರಂತೆ."

ಸರಂಗೆರೆಲ್‌ಳ ಬೆರಳುಗಳು ಮಡಿಕೆಯ ಮೇಲೆ ನಿಂತವು.

"ಹೆಣ ಮುಟ್ಟಿ ಎತ್ತೋಕೆ ಶಾಸ್ತ್ರದ ಪ್ರಕಾರ ಸತ್ತೋರ ಜೊತೆ ಹುಟ್ಟಿದ ವರ್ಷ ಹೊಂದಬೇಕಲ್ಲ. ಹೊಂದಿದ್ದು ಇವನೊಬ್ಬನಿಗೇ ಅಂತೆ. ಹೆತ್ತ ತಾಯಿನ ತಾನೇ ಎತ್ತಿ ಮಲಗಿಸಿ ಬಂದಿದ್ದಾನೆ. ಅಲ್ಲಿಯ ಲಾಮಾ ಹೇಳಿದ್ರಂತೆ, ನಲವತ್ತೊಂಬತ್ತು ದಿನ ಕಳೆಯೋವರೆಗೂ ಯಾರಿಗೂ ಕೈ ಕೊಡಬೇಡ ಅಂತ. ಅದರಲ್ಲೂ ಅನ್ನ ಮಾಡೋ ಕೈ ಮುಟ್ಟಲೇಬೇಡ ಅಂತ."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಯಾರೂ ಅದರ ಕಡೆ ನೋಡಲಿಲ್ಲ.

"ಸೂತಕದಲ್ಲಿದ್ದ..." ಎಂದಳು ಸರಂಗೆರೆಲ್. "ಹಾಗಂತ ಒಂದು ಮಾತು ಹೇಳಬಾರದಿತ್ತಾ ಅಕ್ಕ?"

"ಎಲ್ಲಿ ಹೇಳ್ತಾನೆ? ಹಬ್ಬದ ಎದುರಿಗೆ, ವ್ಯಾಪಾರಕ್ಕೆ ನಿಂತ ಹೆಂಗಸರ ಮುಂದೆ ಸಾವಿನ ಮಾತು ಯಾರಾದ್ರೂ ಎತ್ತುತ್ತಾರಾ? ನೀನಾದ್ರೂ ಎತ್ತುತ್ತಿದ್ದೆಯಾ? ನಮ್ಮೋರು ಕೈ ಕೊಡದೆ ಇರೋದು ಎರಡೇ ಕಾರಣಕ್ಕೆ. ಒಂದು ವೈರ, ಒಂದು ಸೂತಕ. ನಾವೆಲ್ಲ ಒಂದನ್ನೇ ನೆನೆಸಿಕೊಂಡ್ವಿ. ನನ್ನ ತಲೆಗೂ ಹೊಳೀಲಿಲ್ಲ ನೋಡು, ಇಷ್ಟು ವಯಸ್ಸಾಗಿ."

ಸರಂಗೆರೆಲ್ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಮೇಲಕ್ಕೆ ಬಂದು ಇಳಿದು ಹೋದ ಆ ಕೈ ಕಣ್ಣ ಮುಂದೆ ಬಂತು. ತಾಯಿಯನ್ನು ಎತ್ತಿದ ಕೈ. ಅವನಿಗೆ ನಾನು ಏನಂದೆ? ಎಲ್ಲರೆದುರು ಏನಂದೆ?

ಅತ್ತಳು. ಚೆನ್ನಾಗಿಯೇ ಅತ್ತಳು. ಆದರೆ ನಮ್ಮ ಸರಂಗೆರೆಲ್ ಬರೀ ಅತ್ತು ಮುಗಿಸುವ ಹೆಣ್ಣಲ್ಲ. ಮೂಗು ಒರೆಸಿಕೊಂಡು ತಲೆಯೆತ್ತಿದಾಗ ಅವಳ ಕಣ್ಣಲ್ಲಿ ಬೇರೆಯೇ ಕಿಡಿಯಿತ್ತು.

"ಅಕ್ಕ, ಅವನು ದೂರು ಕೊಟ್ಟಿಲ್ಲ."

"ಕೊಟ್ಟಿಲ್ಲ."

"ಹಾಗಾದ್ರೆ ಆ ಬಾಸಂಜಾವ್, ತಾಯಿ ಕಳ್ಕೊಂಡು ಬಾಯಿ ಕಟ್ಕೊಂಡು ಓಡಾಡ್ತಿರೋನ ಹೆಸರು ಹೇಳಿ ನಮ್ಮನ್ನ ಬೇಲಿ ಆಚೆ ತಳ್ಳಿದ. ತನ್ನ ಬಾಮೈದನ ಅಂಗಡಿಗೋಸ್ಕರ."

"ಎಲ್ಲಿಗೆ ಏಳ್ತಿದ್ದೀಯಾ? ಇವತ್ತು ಬಿತೂನ್ ಕಣೆ."

"ಅದಕ್ಕೇ. ಹಳೇ ಜಗಳ ಹೊಸ ವರ್ಷಕ್ಕೆ ಒಯ್ಯಬಾರದು ಅಂತ ನೀನೇ ಅಂದೆಯಲ್ಲ."

*

ಮಧ್ಯಾಹ್ನದ ರೈಲು ಬಂದು ನಿಂತಾಗ ಸರಂಗೆರೆಲ್ ಪೆಟ್ಟಿಗೆ ಕೊರಳಿಗೆ ಹಾಕಿಕೊಂಡು ಬೇಲಿಯ ಬಾಗಿಲು ದಾಟಿ ನಡೆದಳು. ಹಿಂದೆ ದುಲ್ಮಾ ಅಕ್ಕ. ಅವಳ ಹಿಂದೆ ಉಳಿದ ಹೆಂಗಸರೆಲ್ಲ. ಕಾವಲಿನವನು ಸೀಟಿಯನ್ನು ಬಾಯಿಗಿಟ್ಟ, ದುಲ್ಮಾ ಅಕ್ಕ ಒಮ್ಮೆ ನೋಡಿದಳು, ಸೀಟಿ ಕೆಳಗಿಳಿಯಿತು. ಅವನು ಅವಳ ಚಹಾ ಕುಡಿದು ಬೆಳೆದವನು.

ಅಮ್ಮನ ಕಂಬದ ಬುಡದಲ್ಲಿ ಸರಂಗೆರೆಲ್ ಕಾಲೂರಿ ನಿಂತಳು.

"ಯಾರು ಒಳಗೆ ಬಿಟ್ಟಿದ್ದು ಇವರನ್ನ?" ಬಾಸಂಜಾವ್ ಟೋಪಿ ಒತ್ತಿಕೊಂಡು ಓಡಿ ಬಂದ. "ಹಬ್ಬದ ದಿನ ನನ್ನ ತಾಳ್ಮೆ ಪರೀಕ್ಷೆ ಮಾಡಬೇಡಿ."

"ದೂರು ಕೊಟ್ಟೋನ್ನ ಕರೀರಿ, ನನ್ನೆದುರಿಗೆ ಹೇಳ್ಲಿ. ಹೇಳಿದ ಕ್ಷಣ ಹೊರಟು ಹೋಗ್ತೀನಿ."

"ಅವನಿಗೆ ಕೆಲಸ ಇದೆ."

"ಅವನ ಕೆಲಸ ಇಲ್ಲೇ. ಕೇಳಿಸ್ತಿಲ್ವಾ?"

ಟಣ್... ಟಣ್... ಸದ್ದು ಹತ್ತಿರ ಬರುತ್ತಿತ್ತು. ಬೋಗಿಯ ಮೂಲೆ ಸುತ್ತಿ ತೆಮೂಲೆನ್ ಬಂದ. ಹೆಂಗಸರನ್ನು ನೋಡಿದ, ಬಾಸಂಜಾವ್‌ನನ್ನು ನೋಡಿದ, ಕಡೆಗೆ ಅವಳನ್ನು ನೋಡಿದ. ಸುತ್ತಿಗೆ ನಿಂತಿತು.

"ನೀನು ದೂರು ಕೊಟ್ಟೆಯಾ?" ಎಂದಳು ಸರಂಗೆರೆಲ್. ಈ ಸಲ ಆ ಮಾತಲ್ಲಿ ಸಿಟ್ಟಿರಲಿಲ್ಲ. "ನೀನು ಇಲ್ಲ ಅಂದ್ರೆ ಸಾಕು. ಕೈ ಕೊಡೋದೇನೂ ಬೇಡ."

ತೆಮೂಲೆನ್ ಅವಳ ಮುಖವನ್ನೇ ನೋಡಿದ. ಗೊತ್ತಾಗಿದೆ ಇವಳಿಗೆ ಎಂದು ಅವನಿಗೂ ಗೊತ್ತಾಯಿತು.

"ಇಲ್ಲ" ಎಂದ. ಆಮೇಲೆ ಮಾಸ್ಟರ್ ಕಡೆ ತಿರುಗಿದ. "ನಾನು ದೂರು ಕೊಟ್ಟಿಲ್ಲ ಸಾಹೇಬ್ರೆ. ಇವರ ಪೆಟ್ಟಿಗೆ ನನ್ನ ಗಾಲಿಗೆ ಯಾವತ್ತೂ ಅಡ್ಡ ಬಂದಿಲ್ಲ. ನಿಮ್ಮ ಬಾಮೈದನ ಅಂಗಡಿ ಬರ್ತಿದೆ. ಅದನ್ನ ಸುತ್ತಿ ಬಂದು ನೋಡೋ ಹೊತ್ತಿಗೆ ಗಾಡಿ ಹೊರಡೋ ಹೊತ್ತಾಗುತ್ತೆ."

"ನಾಲಿಗೆ ಹಿಡಿತದಲ್ಲಿರಲಿ" ಎಂದ ಬಾಸಂಜಾವ್. "ನಿನ್ನನ್ನ ಇಲ್ಲಿಂದ ಎತ್ತಿ ಯಾವ ಕೊಂಪೆಗೆ ಬೇಕಾದ್ರೂ ಹಾಕಿಸಬಲ್ಲೆ ನಾನು."

"ಹಾಕಿಸಿ."

"ಎತ್ತಿ ಹಾಕಿಸ್ತೀರಂತೆ" ಎಂದು ಸರಂಗೆರೆಲ್ ಮುಂದೆ ಬಂದಳು. ಇಷ್ಟು ದಿನ ಕಟ್ಟಿಟ್ಟುಕೊಂಡ ಸಿಟ್ಟೆಲ್ಲ ಈಗ ಸರಿಯಾದ ವಿಳಾಸಕ್ಕೆ ಹೊರಟಿತ್ತು. "ಯಾರನ್ನ ಎತ್ತಿ ಹಾಕಿಸ್ತೀರಿ? ಹೆತ್ತ ತಾಯಿನ ಎತ್ತಿ ಮಲಗಿಸಿ ಬಂದೋನನ್ನ. ಸೂತಕ ಇನ್ನೂ ಕಳೆದಿಲ್ಲ ಇವನಿಗೆ. ಬಾಯಿ ಬಿಡದೆ ದುಡೀತಿದ್ದೋನ ಬಾಯಿಗೆ ನೀವು ಸುಳ್ಳು ತುರುಕಿದ್ರಿ. ಬಡವರ ಹೊಟ್ಟೆ ಮೇಲೆ ಹೊಡೆಯೋಕೆ ನಿಮಗೆ ಸಿಕ್ಕಿದ್ದು ತಾಯಿ ಸತ್ತೋನ ಹೆಸರೇನ್ರೀ?"

ಬೋಗಿಯ ಬಾಗಿಲಲ್ಲಿ ನಿಂತಿದ್ದ ರೈಲಿನ ಪರಿಚಾರಿಕೆಯರು ಕೆಳಗಿಳಿದು ಬಂದರು. ಹೆಂಗಸರೊಬ್ಬೊಬ್ಬರೂ ನಾಲಿಗೆ ಲೊಚಗುಟ್ಟಿದರು. ದುಲ್ಮಾ ಅಕ್ಕ ಚಹಾದ ಚಮಚದಿಂದ ನಾಲ್ಕು ಹನಿ ಹಾಲು ಗಾಳಿಗೆ ಚಿಮುಕಿಸಿ, "ದೇವರೇ, ಇವನ ಪಾಪ ನಮ್ಮೂರಿಗೆ ತಟ್ಟದಿರಲಿ" ಎಂದಳು.

ಬಾಸಂಜಾವ್‌ನ ಮುಖ ಬಿಳಿಚಿಕೊಂಡಿತು. ಅವನು ಮಾಸ್ಟರ್ ಇರಬಹುದು, ಆದರೆ ಅವನಿಗೂ ಮನೆಯಲ್ಲಿ ದೇವರ ಪೆಟ್ಟಿಗೆಯಿದೆ, ಮಕ್ಕಳಿದ್ದಾರೆ, ನಾಳೆ ಹೊಸ ವರ್ಷವಿದೆ. ಸೂತಕದವನ ಹೆಸರಿನ ಮೇಲೆ ಸುಳ್ಳು ಹೊತ್ತುಕೊಂಡು ಯಾರ ಮನೆಯ ಹೊಸಿಲು ದಾಟುತ್ತಾನೆ?

"ನನಗೆ... ನನಗೆ ಗೊತ್ತಿರಲಿಲ್ಲಪ್ಪ" ಎಂದು ಅವನು ತೊದಲಿದ. ಟೋಪಿ ತೆಗೆದ. "ನಿಮ್ಮಮ್ಮನ ವಿಷಯ ಗೊತ್ತಿದ್ರೆ ನಿನ್ನ ಹೆಸರು ಎತ್ತುತ್ತಿರಲಿಲ್ಲ."

"ಬೇರೆ ಯಾರದ್ದೋ ಎತ್ತುತ್ತಿದ್ರಿ" ಎಂದಳು ದುಲ್ಮಾ ಅಕ್ಕ.

"ಸರಿ, ಸರಿ. ಹಬ್ಬ ಮುಗಿಯೋವರೆಗೂ ಇಲ್ಲೇ ಮಾರ್ಕೊಳ್ಳಿ."

"ಹಬ್ಬ ಆದ ಮೇಲೂ ಮಾರ್ಕೋತೀವಿ" ಎಂದಳು ಸರಂಗೆರೆಲ್. ಮಾಸ್ಟರ್ ಟೋಪಿ ಹಾಕಿಕೊಂಡು ಒಳಗೆ ಹೋದ.

ಒಬ್ಬ ಪರಿಚಾರಿಕೆ ಆಗಲೇ ಪೆಟ್ಟಿಗೆಯೊಳಗೆ ಇಣುಕುತ್ತಿದ್ದಳು. "ತಂಗಿ, ಆರು ಕೊಡು. ಆ ನೂಡಲ್ಸು ತಿಂದು ತಿಂದು ನಾಲಿಗೆ ಸತ್ತು ಹೋಗಿದೆ."

ಸರಂಗೆರೆಲ್ ತಿರುಗಿ ನೋಡುವಷ್ಟರಲ್ಲಿ ತೆಮೂಲೆನ್ ಮುಂದಿನ ಬೋಗಿಗೆ ಹೋಗಿದ್ದ. ಟಣ್, ಟಣ್.

*

ಹಬ್ಬ ಕಳೆಯಿತು. ಗಾಲಿ ನೋಡುವವರಿಗೆ ಅಡ್ಡವೆಂದು ಗಾಜಿನ ಅಂಗಡಿಯೇ ಬೇಲಿಯಾಚೆಗೆ ಹೋಯಿತು, ಅಲ್ಲಿ ಅದಕ್ಕೂ ಗಿರಾಕಿಗಳಿಲ್ಲ.

ಲಾಮಾ ಹೇಳಿದ ದಿನಗಳೂ ಮುಗಿದವು. ಗುಡಿಯಲ್ಲಿ ಕೊನೆಯ ದೀಪ ಹಚ್ಚಿದ ಅಂತ ದುಲ್ಮಾ ಅಕ್ಕ ಸುದ್ದಿ ತಂದಳು. ಅವತ್ತು ಸರಂಗೆರೆಲ್ ಎರಡು ಖೂಷೂರ್ ಕಂಬಳಿಯ ತಳದಲ್ಲಿ ಬಚ್ಚಿಟ್ಟಳು. ಇವತ್ತು ಬರ್ತಾನೆ... ಬಂದರೆ ಏನು ಹೇಳಲಿ? ತಪ್ಪಾಯ್ತು ಅಂತ ಮೊದಲೇ ಹೇಳಿಬಿಡಲಾ?

ಅವನು ಬರಲಿಲ್ಲ.

ಮರುದಿನವೂ ಬರಲಿಲ್ಲ. ಎದುರಾದಾಗ ತಲೆ ಬಾಗಿಸಿ, ಗೌರವದಿಂದ ದಾರಿ ಬಿಟ್ಟು ಸರಿದು ಹೋದ. ಗೌರವವಂತೆ! ಯಾರಿಗೆ ಬೇಕಾಗಿತ್ತು ಅವನ ಗೌರವ? ಸೂತಕ ಮುಗಿದ ಮೇಲೂ ಇದೇನು ಬಿಂಕ? ಕಂಬಳಿಯ ತಳದ ಖೂಷೂರ್ ಸಂಜೆ ಅಮ್ಮನ ತಟ್ಟೆಗೆ ಬಿತ್ತು. "ಇದ್ಯಾಕೆ ಇಷ್ಟು ಚಪ್ಪಟೆಯಾಗಿದೆ?" ಎಂದಳು ಅಮ್ಮ.

ಸರಂಗೆರೆಲ್‌ಳ ಸಹನೆ ಒಂದು ವಾರ ಬಾಳಲಿಲ್ಲ.

ಅಂದು ರೈಲು ಹೊರಟು ಹೋಗಿ ಪ್ಲಾಟ್‌ಫಾರಂ ಖಾಲಿಯಾಗಿತ್ತು. ದಕ್ಷಿಣದಿಂದ ಬೆಚ್ಚನೆಯ ಗಾಳಿ ತಿರುಗಿತ್ತು, ಹಳಿಗಳ ನಡುವಿನ ಮಂಜು ಕರಗುತ್ತಿತ್ತು. ತೆಮೂಲೆನ್ ಸುತ್ತಿಗೆ ಹೆಗಲಿಗೇರಿಸಿ ಬರುತ್ತಿದ್ದ. ಅವಳನ್ನು ಕಂಡು ಎಂದಿನಂತೆ ಪಕ್ಕಕ್ಕೆ ಸರಿದ.

ಅವಳೂ ಅತ್ತಲೇ ಸರಿದಳು. ಅವನು ಇತ್ತ ಬಂದ. ಅವಳೂ ಇತ್ತ ಬಂದಳು.

"ಏನಾದ್ರೂ ಬೇಕಿತ್ತಾ?" ಎಂದ ಅವನು.

ಅವಳು ಬಲಗಾಲೆತ್ತಿ, ಅವನ ಬೂಟಿನ ಮೇಲೆ ಇದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದಳು.

"ಅಮ್ಮಾ" ಎಂದು ಅವನು ಒಂದು ಕಾಲಲ್ಲಿ ಕುಣಿದ. ಸುತ್ತಿಗೆ ಹೆಗಲಿಂದ ಜಾರಿ ಬಿತ್ತು. ದೂರದಲ್ಲಿ ಫ್ಲಾಸ್ಕು ತೊಳೆಯುತ್ತಿದ್ದ ದುಲ್ಮಾ ಅಕ್ಕ ತಲೆಯೆತ್ತಿ, ಮತ್ತೆ ತಗ್ಗಿಸಿ, ತೊಳೆದದ್ದನ್ನೇ ತೊಳೆಯತೊಡಗಿದಳು.

ಸರಂಗೆರೆಲ್ ಗವಸು ಕಳಚಿ ಕೈ ಚಾಚಿದಳು.

"ತುಳಿದೆ. ಕೈ ಹಿಡಿ. ನಾನು ನಿನ್ನ ಹಾಗಲ್ಲ, ತುಳಿದ್ರೆ ಕೈ ಕೊಡ್ತೀನಿ."

ತೆಮೂಲೆನ್ ಆ ಕೈಯನ್ನು ನೋಡುತ್ತ ನಿಂತ.

"ಈ ಜನ್ಮದಲ್ಲಿ ಸಿಗಲ್ಲ ಅಂದಿದ್ದೆಯಲ್ಲ."

"ಅದಕ್ಕೇ ಬರ್ಲಿಲ್ವಾ ಇಷ್ಟು ದಿನ?"

"ನೀನು ಹೇಳಿದ್ರೆ ಹೇಳಿದ್ದೇ ಅಂದ್ಕೊಂಡೆ."

"ಅದು ಹಳೇ ವರ್ಷದ ಮಾತು ಕಣೋ. ಹೊಸ ವರ್ಷಕ್ಕೆ ಒಯ್ಯಬಾರದಂತೆ." ಅವಳ ಕಣ್ಣು ತುಂಬಿ ಬಂತು. "ನನಗೆ ಗೊತ್ತಾಗ್ಲಿಲ್ಲ. ನಿಮ್ಮಮ್ಮನ ವಿಷಯ... ನಾನು ಹಾಗೆಲ್ಲ ಅನ್ನಬಾರದಿತ್ತು. ತಪ್ಪಾಯ್ತು."

ಅವನು ತನ್ನ ಗವಸನ್ನು ಹಲ್ಲಲ್ಲಿ ಕಚ್ಚಿ ಎಳೆದು ಕಳಚಿದ. ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ. ಕಬ್ಬಿಣ ಹಿಡಿದು ಹಿಡಿದು ಒರಟಾದ ಕೈ, ಆದರೆ ಹಿಡಿದದ್ದು ಮೊಟ್ಟೆ ಹಿಡಿದ ಹಾಗೆ.

"ಅವತ್ತು ಬೇರೆ ಯಾರ ಕಾಲಾದ್ರೂ ತುಳಿದಿದ್ರೆ ಮರೆತು ಕೈ ಕೊಟ್ಟುಬಿಡ್ತಿದ್ದೆನೇನೋ" ಎಂದ. "ಚಿಕ್ಕಂದಿನ ಅಭ್ಯಾಸ, ಕೈ ತಾನಾಗೇ ಹೋಗುತ್ತೆ. ಮುಖ ನೋಡಿದ್ರೆ ನೀನು. ಭಯ ಆಯ್ತು. ನನ್ನ ಕೈಯ ಮೈಲಿಗೆ ನಿನಗೆ ತಟ್ಟಿದ್ರೆ, ನಿನ್ನ ಬಾಣಲೆಗೆ ತಟ್ಟಿದ್ರೆ ಏನು ಗತಿ ಅಂತ. ಹಿಡೀಬೇಕು ಅಂತ ಬೇಸಿಗೆಯಿಡೀ ಆಸೆಪಟ್ಟ ಕೈ ಅದು."

"ಬೇಸಿಗೆಯಿಡೀ ಬಿಸಿ ಇದೆಯಾ ಅಂತ ಮಾತ್ರ ಕೇಳಿದ್ಯಲ್ಲೋ."

"ಧೈರ್ಯ ಅಷ್ಟೇ ಇತ್ತು."

ಅವಳಿಗೆ ನಗು ಬಂತು, ಅಳುವೂ ಬಂತು. ಯಾವುದನ್ನು ಮೊದಲು ಬಿಡುವುದೆಂದು ತಿಳಿಯದೆ ಎರಡನ್ನೂ ಒಟ್ಟಿಗೇ ಬಿಟ್ಟಳು. ಆಚೆ ಫ್ಲಾಸ್ಕು ತೊಳೆಯುವ ಸದ್ದು ನಿಂತೇಹೋಗಿತ್ತು.

"ಬಿಡು ಕೈನ. ದುಲ್ಮಾ ಅಕ್ಕ ನೋಡ್ತಿದ್ದಾಳೆ."

"ಬಿಡಲ್ಲ. ಇದು ನೀನು ತುಳಿದಿದ್ದಕ್ಕೆ. ನಾನು ತುಳಿದಿದ್ದಕ್ಕೆ ಇನ್ನೂ ಕೊಟ್ಟಿಲ್ಲ. ನೀರಿನ ತೊಟ್ಟಿ ಹತ್ರ ಕೇಳಿದ್ಯಲ್ಲ, ಅದೂ ಬಾಕಿ ಇದೆ."

"ಅದನ್ನ ನಾಳೆ ಕೊಡು."

"ಇನ್ನೊಂದು?"

"ನಾಡಿದ್ದು ಕೊಡು." ಅವಳು ಇನ್ನೊಂದು ಕೈಯಿಂದ ಕಂಬಳಿ ಸರಿಸಿ, ತಳದಲ್ಲಿದ್ದ ಎರಡು ಖೂಷೂರ್ ತೆಗೆದು ಅವನ ಮುಂದೆ ಹಿಡಿದಳು. "ಅವಸರ ಏನಿದೆ? ನಾನೇನು ಬೇಲಿ ಆಚೆ ಹೋಗ್ತೀನಾ, ಇಲ್ಲೇ ಇರ್ತೀನಲ್ಲ."